ಬೀದಿನಾಯಿಗೆ ನಮ್ಮ ಮನೆಯಲ್ಲಿ ಜಾಗವಿದೆಯೇ?



ಈ ಸಲ ಒಬ್ಬ ತಾಯಿಯ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಊರ ಹೊರಗೆ ಅಡಿಕೆ ತೋಟದ ನಡುವೆ ಮನೆ. ಗಂಡ ಗಲ್ಫ್‌ನಲ್ಲಿ. ಮನೆಯಲ್ಲಿ ವಯಸ್ಸಾದ ಅತ್ತೆ, ತಾನು, ಎರಡು ಮಕ್ಕಳು. ಎರಡು ಸಲ ಕಳ್ಳರು ಬಂದು ಒಣಗಲು ಹಾಕಿದ್ದ ಅಡಿಕೆ ಹೊತ್ತೊಯ್ದಿದ್ದಾರೆ. ಪ್ರಾಣಿಗಳ ಆಶ್ರಯಧಾಮದಿಂದ ಒಂದು ನಾಯಿ ತಂದು ಸಾಕೋಣವೆಂದು ಮಗ ಹಠ ಹಿಡಿದಿದ್ದಾನೆ. ನಾಯಿ ಇರುವ ಮನೆಗೆ ಮಲಕ್‌ಗಳು ಬರುವುದಿಲ್ಲ ಎಂದು ಅತ್ತೆ ಕಣ್ಣೀರು ಹಾಕುತ್ತಿದ್ದಾರೆ. "ನಾನು ಯಾರ ಮಾತು ಕೇಳಲಿ?" ಎಂಬುದು ಆ ಸಹೋದರಿಯ ಪ್ರಶ್ನೆ.

ಇಬ್ಬರ ಮಾತನ್ನೂ ಕೇಳಬೇಕು. ಅತ್ತೆ ಹೇಳಿದ್ದು ಬರೀ ಅಜ್ಜಿಕಥೆಯಲ್ಲ, ಹದೀಸ್‌ನಲ್ಲಿ ಬಂದಿರುವ ವಿಷಯ. ವಿನಾಕಾರಣ ನಾಯಿ ಸಾಕುವವರ ಸತ್ಕರ್ಮಗಳ ಪ್ರತಿಫಲ ದಿನವೂ ಕಡಿಮೆಯಾಗುತ್ತದೆ ಎಂಬ ಎಚ್ಚರಿಕೆಯೂ ಇದೆ. ಆದರೆ ಅದೇ ಹದೀಸ್‌ನಲ್ಲಿ ಮೂರು ವಿನಾಯಿತಿಗಳಿವೆ: ಬೇಟೆ, ಜಾನುವಾರುಗಳ ರಕ್ಷಣೆ ಮತ್ತು ಕೃಷಿಯ ಕಾವಲು. ಇದನ್ನೇ ಆಧಾರವಾಗಿಟ್ಟುಕೊಂಡು ಮನೆಯ ಕಾವಲಿಗೂ ನಾಯಿ ಇಟ್ಟುಕೊಳ್ಳಬಹುದೆಂದು ಶಾಫಿಈ ಮದ್‌ಹಬ್‌ನ ಇಮಾಮ್ ನವವಿಯವರಂತಹ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಹನಫಿಗಳಲ್ಲಿಯೂ ಕಳ್ಳರ ಭಯವಿರುವಲ್ಲಿ ಅನುಮತಿಯಿದೆ. ತೋಟವೂ ಇದ್ದು, ಕಳ್ಳರ ಭಯವೂ ಇರುವ ಮನೆಗೆ ಇದಕ್ಕಿಂತ ಸ್ಪಷ್ಟವಾದ ಕಾರಣ ಇನ್ನೇನು ಬೇಕು?

ಇನ್ನು ಮಲಕ್‌ಗಳ ವಿಷಯ. ಅನುಮತಿಯಿರುವ ನಾಯಿಗೆ ಆ ಹದೀಸ್ ಅನ್ವಯಿಸುವುದಿಲ್ಲ ಎಂದವರಿದ್ದಾರೆ, ಎಲ್ಲ ನಾಯಿಗೂ ಅನ್ವಯಿಸುತ್ತದೆ ಎಂದವರೂ ಇದ್ದಾರೆ. ಈ ಚರ್ಚೆಯನ್ನು ಅತ್ತೆಯ ಮುಂದೆ ಬಿಡಿಸಿಡುವ ಬದಲು ಅಂಗಳದ ಮೂಲೆಯಲ್ಲಿ ಒಂದು ಗೂಡು ಕಟ್ಟಿಸಿ. ನಾಯಿ ಅಂಗಳದಲ್ಲಿ, ಅತ್ತೆಯ ಮುಸಲ್ಲಾ ಮನೆಯೊಳಗೆ. ಕಾವಲಿನ ನಾಯಿಗೆ ಅಂಗಳವೇ ಸರಿಯಾದ ಜಾಗ. ಅಸ್‌ಹಾಬುಲ್ ಕಹ್ಫ್‌ನ ಆ ಯುವಕರ ನಾಯಿ ಮಲಗಿದ್ದು ಗುಹೆಯ ಬಾಗಿಲಲ್ಲಿ ಎಂಬುದನ್ನು ಪ್ರತಿ ಶುಕ್ರವಾರ ಸೂರಃ ಕಹ್ಫ್ ಓದುವ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶುದ್ಧಿಯ ವಿಷಯದಲ್ಲಿ ನಮ್ಮಲ್ಲಿ ಭಯವೇ ಹೆಚ್ಚು, ತಿಳುವಳಿಕೆ ಕಡಿಮೆ. ಕರಾವಳಿಯ ನಾವು ಹೆಚ್ಚಿನವರು ಶಾಫಿಈಗಳು. ನಮ್ಮಲ್ಲಿ ನಾಯಿಯ ಜೊಲ್ಲು ಅಥವಾ ಒದ್ದೆ ಮೈ ತಗಲಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ. ಆದರೆ ಒಣಗಿದ ಕೈ ಒಣಗಿದ ಮೈಗೆ ತಾಗಿದರೆ ಏನೂ ಆಗುವುದಿಲ್ಲ. ಹನಫಿಗಳಲ್ಲಿ ನಾಯಿಯ ಜೊಲ್ಲು ಮಾತ್ರ ಅಶುದ್ಧ, ಪಾತ್ರೆಯನ್ನು ಮೂರು ಸಲ ತೊಳೆದರೆ ಸಾಕು. ಮಾಲಿಕೀ ಮದ್‌ಹಬ್‌ನಲ್ಲಿ ಜೀವಂತ ನಾಯಿ ಶುದ್ಧವೇ. ಆದ್ದರಿಂದ ನಾಯಿಗೆ ಬೇರೆಯೇ ಬಟ್ಟಲು, ಅದರ ಕೆಲಸಕ್ಕೆ ಬೇರೆಯೇ ಬಟ್ಟೆ, ಅಂಗಳದ ನಳ್ಳಿಯ ಪಕ್ಕ ಒಂದು ಡಬ್ಬಿ ಶುದ್ಧ ಮಣ್ಣು ಇಟ್ಟುಕೊಂಡರೆ ನಮಾಝ್‌ಗೆ ತೊಂದರೆಯಾಗುವುದಿಲ್ಲ. ವಿವರಗಳನ್ನು ನಿಮ್ಮ ಊರಿನ ಉಸ್ತಾದರಲ್ಲಿ ಕೇಳಿಕೊಳ್ಳಿ.

ಆಶ್ರಯಧಾಮದಿಂದಲೇ ತರೋಣವೆಂದ ಮಗನ ಮಾತಿನಲ್ಲಿ ಅವನಿಗೇ ಗೊತ್ತಿಲ್ಲದ ಒಂದು ಜಾಣತನವಿದೆ. ನಾಯಿಯ ಬೆಲೆ ಪಡೆಯುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಶಾಫಿಈ ಫಿಕ್ಹ್ ಪ್ರಕಾರ ನಾಯಿಯ ಕ್ರಯವಿಕ್ರಯ ಸಿಂಧುವಲ್ಲ. ಸಾವಿರಾರು ರೂಪಾಯಿ ಕೊಟ್ಟು ವಿದೇಶಿ ತಳಿಯ ಮರಿ ಕೊಳ್ಳುವಾಗ ಏಳುವ ಈ ಪ್ರಶ್ನೆ, ಬೀದಿಯಲ್ಲಿ ಬಿದ್ದಿದ್ದ ನಾಯಿಯನ್ನು ಬೆಲೆಯಿಲ್ಲದೆ ಮನೆಗೆ ಕರೆತರುವಾಗ ಏಳುವುದಿಲ್ಲ. ಮನಸ್ಸಿದ್ದರೆ ಅಲ್ಲಿನ ಇತರ ಪ್ರಾಣಿಗಳ ಆರೈಕೆಗೆಂದು ನಿಮ್ಮ ಶಕ್ತಿಯಂತೆ ಏನಾದರೂ ಕೊಡಿ, ಅದು ಬೆಲೆಯಲ್ಲ, ದಾನ.

ನಮ್ಮ ರಾಜ್ಯದಲ್ಲಿ ಇಂತಹ ಆಶ್ರಯಧಾಮಗಳಿವೆ. ಬೆಂಗಳೂರಿನಲ್ಲಿ ಕ್ಯೂಪಾ ಸಂಸ್ಥೆ 1991ರಿಂದ ಕೆಲಸ ಮಾಡುತ್ತಿದೆ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ವಾಹನ ಬಡಿದು ಕಾಲು ಮುರಿದವು, ತಾಯಿ ಸತ್ತ ಮರಿಗಳು, ಮನೆ ಬದಲಿಸುವಾಗ ಯಜಮಾನರು ಬಿಟ್ಟುಹೋದವು, ಹೀಗೆ ಇಂತಹ ಕಡೆ ಬಂದು ಸೇರುವ ನಾಯಿಗಳ ಕಥೆ ಒಂದೆರಡಲ್ಲ. ಚಿಕಿತ್ಸೆ, ಲಸಿಕೆ, ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿ, ಸಾಕುವವರಿಗೆ ಕೊಡುತ್ತಾರೆ. ಸುಮ್ಮನೆ ಕೊಟ್ಟು ಕಳಿಸುವುದಿಲ್ಲ. ಮನೆ ಸ್ವಂತದ್ದೇ, ಬಾಡಿಗೆಯದೇ, ಹಗಲಲ್ಲಿ ಯಾರಿರುತ್ತಾರೆ, ಮನೆಯವರೆಲ್ಲ ಒಪ್ಪಿದ್ದಾರೆಯೇ ಎಂದೆಲ್ಲ ಕೇಳುತ್ತಾರೆ. ಬೇಸರ ಪಡಬೇಡಿ, ಹೆಣ್ಣು ಕೊಡುವಾಗ ನಾವು ವಿಚಾರಿಸುವುದಿಲ್ಲವೇ?

ಬೀದಿನಾಯಿಗಳ ವಿಷಯ 2025ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆ ವರ್ಷದ ಆಗಸ್ಟ್ 22ರ ಆದೇಶದಲ್ಲಿ ನ್ಯಾಯಾಲಯವು, ಇಷ್ಟವುಳ್ಳವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದಿತು.

ಕಾವಲಿಗಾದರೆ ಪುಟ್ಟ ಮರಿಗಿಂತ ಒಂದೆರಡು ವರ್ಷದ ನಮ್ಮ ನಾಡುನಾಯಿಯೇ ಒಳ್ಳೆಯದು. ಅದರ ಸ್ವಭಾವ ಅಲ್ಲಿನವರಿಗೆ ಗೊತ್ತಿರುತ್ತದೆ. ನಮ್ಮ ಬಿಸಿಲು ಮಳೆ ಅದಕ್ಕೆ ಅಭ್ಯಾಸ. ಬಂದ ಹೊಸತರಲ್ಲಿ ಅದು ಉಣ್ಣದಿರಬಹುದು, ಮೂಲೆ ಹಿಡಿದು ಕೂರಬಹುದು. ಪೆಟ್ಟು ತಿಂದ ಜೀವ, ನಂಬಿಕೆ ಬರಲು ವಾರಗಳೇ ಹಿಡಿಯುತ್ತವೆ. ಅದು ತಿನ್ನುವಾಗ, ಮಲಗಿರುವಾಗ ಮಕ್ಕಳು ಮುಟ್ಟದಿರಲಿ. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಬೇಡಿ, ಹಾಗೆ ಕಟ್ಟಿದ ನಾಯಿಗೆ ಸಿಟ್ಟು ಹೆಚ್ಚು. ರೇಬಿಸ್ ಲಸಿಕೆಯನ್ನು ಪಶುವೈದ್ಯರು ಹೇಳಿದ ಸಮಯಕ್ಕೆ ತಪ್ಪದೆ ಹಾಕಿಸಬೇಕು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಅರಶಿನ, ಕಾಫಿ ಪುಡಿ ಮೆತ್ತುತ್ತಾ ಕೂರಬೇಡಿ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ವಿರಳ.

ನಮ್ಮ ಅಡುಗೆಮನೆಗೆ ಸಂಬಂಧಿಸಿದ ಎರಡು ಮಾತುಗಳನ್ನು ಗಟ್ಟಿಯಾಗಿ ಹೇಳಬೇಕು. ಒಂದು, ಉಳಿದ ಬಿರಿಯಾನಿಯನ್ನು ನಾಯಿಗೆ ಸುರಿಯಬೇಡಿ. ನೀರುಳ್ಳಿ ನಾಯಿಯ ರಕ್ತಕ್ಕೆ ವಿಷ. ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಎರಡು, ಬಕ್ರೀದ್ ಹಬ್ಬದಲ್ಲಿ ಕುರ್ಬಾನಿಯ ಆಡು ಕುರಿಗಳ ಹಸಿ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ನಾಯಿಗಳಿಗೆ ಎಸೆಯಬೇಡಿ. ಅವುಗಳಲ್ಲಿ ನೀರುಗುಳ್ಳೆಗಳಿದ್ದರೆ ನಾಯಿಯ ಹೊಟ್ಟೆಯಲ್ಲಿ ಒಂದು ಬಗೆಯ ಲಾಡಿಹುಳ ಬೆಳೆಯುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದ ಮೂಲಕ ಮಣ್ಣಿಗೆ, ಸೊಪ್ಪಿಗೆ, ಮಕ್ಕಳ ಕೈಗೆ ಸೇರಿ ಮನುಷ್ಯರ ಪಿತ್ತಜನಕಾಂಗದಲ್ಲಿಯೂ ಅದೇ ಗುಳ್ಳೆ ಎಬ್ಬಿಸುತ್ತವೆ. ತ್ಯಾಜ್ಯವನ್ನು ಆಳವಾಗಿ ಹೂಳಿ. ಸಾಕಿದ ನಾಯಿಗೆ ಹುಳದ ಮದ್ದು ಕೊಡಿಸಿ, ಅದನ್ನು ಮುಟ್ಟಿದ ಕೈಯನ್ನು ಮಕ್ಕಳು ತೊಳೆಯಲಿ.

ಇನ್ನು ತಾಯಂದಿರಿಗೇ ಒಂದು ಮಾತು. ಹಠ ಹಿಡಿಯುವವನು ಮಗ, ಬಟ್ಟಲು ತೊಳೆಯುವವಳು ತಾಯಿ! ನಾಯಿ ಹತ್ತು ಹದಿನೈದು ವರ್ಷ ಬದುಕುತ್ತದೆ. ಅಷ್ಟರಲ್ಲಿ ಮಗ ಹಾಸ್ಟೆಲಿಗೆ ಹೋಗುತ್ತಾನೆ, ಗಂಡ ವೀಸಾ ಕಳಿಸಬಹುದು. ಆಗ ನಾಯಿ ಯಾರ ಪಾಲಿಗೆ? ಇದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಹೊರಡಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ತಳ್ಳಿ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಆದರೆ ಅಲ್ಲಾಹನ ನ್ಯಾಯಾಲಯದ ಲೆಕ್ಕ ಬೇರೆ. ಬೆಕ್ಕೊಂದನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸು ನರಕಕ್ಕೆ ಹೋದದ್ದನ್ನೂ, ಬಾಯಾರಿದ ನಾಯಿಗಾಗಿ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತಂದವನಿಗೆ ಕ್ಷಮೆ ಸಿಕ್ಕಿದ್ದನ್ನೂ ಪ್ರವಾದಿವರ್ಯರು(ಸ) ನಮಗೆ ತಿಳಿಸಿದ್ದಾರೆ.

ಪಟ್ಟಣದ ಫ್ಲ್ಯಾಟಿನಲ್ಲಿರುವವರು, ಕಾವಲಿನ ಅಗತ್ಯವಿಲ್ಲದವರು ನಾಯಿ ತರಲೇಬೇಕೆಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ಪ್ರಾಣಿ ಬೇಕೆಂದಿದ್ದರೆ ಆಶ್ರಯಧಾಮಗಳಲ್ಲಿ ಬೆಕ್ಕಿನ ಮರಿಗಳೂ ಸಿಗುತ್ತವೆ. ಬೆಕ್ಕು ಬಾಯಿಟ್ಟ ನೀರಿನಿಂದ ವುಝೂ ಕೂಡ ಆಗುತ್ತದೆ. ಗೇಟಿನ ಹೊರಗೆ ಒಂದು ಬಟ್ಟಲು ನೀರಿಡುವುದು ಎಲ್ಲರಿಂದಲೂ ಸಾಧ್ಯ. ಮದ್ರಸ ಬಿಟ್ಟು ಬರುವ ದಾರಿಯಲ್ಲಿ ನಾಯಿಮರಿಗೆ ಕಲ್ಲೆಸೆಯುವ ಮಕ್ಕಳನ್ನು ಕೇಳಿದರೆ, "ಅದು ನಜಸ್ ಅಲ್ಲವಾ?" ಎನ್ನುತ್ತಾರೆ. ನಜಸ್ ಆದರೆ ತೊಳೆಯಲು ಹೇಳಿದೆ, ಹೊಡೆಯಲು ಎಲ್ಲಿಯೂ ಹೇಳಿಲ್ಲ. ಇದನ್ನು ಮಕ್ಕಳಿಗೆ ಮೊದಲು ಕಲಿಸಬೇಕಾದವರು ನಾವೇ.

ಪ್ರಶ್ನೆ ಕೇಳಿದ ಸಹೋದರಿಗೆ ನನ್ನ ಸಲಹೆ ಇಷ್ಟೇ. ಮೊದಲು ಅತ್ತೆಯ ಬಳಿ ಕುಳಿತು ಗೂಡು ಎಲ್ಲಿರಬೇಕೆಂದು ಅವರನ್ನೇ ಕೇಳಿ. ಗಂಡನೊಡನೆ ಮಾತನಾಡಿ. ಅನ್ನ, ನೀರು, ಸ್ವಚ್ಛತೆಯ ಪಾಲನ್ನು ಮಗನಿಂದ ಒಪ್ಪಿಸಿಕೊಳ್ಳಿ. ಎಲ್ಲರೂ ಒಪ್ಪಿದರೆ ಬಿಸ್ಮಿಲ್ಲಾ ಹೇಳಿ ಆಶ್ರಯಧಾಮಕ್ಕೆ ಹೊರಡಿ. ಒಪ್ಪದಿದ್ದರೆ ಅಂಗಳಕ್ಕೆ ದೀಪ, ಗೇಟಿಗೆ ಬೀಗ ಹಾಕಿಸಿ, ನಾಯಿಯ ಪಾಲಿನ ಹಣವನ್ನು ಅಲ್ಲಿಗೇ ದಾನ ಕೊಡಿ.

ಅಲ್ಲಾಹನು ನಿಮ್ಮ ಮನೆಯನ್ನು ಕಾಪಾಡಲಿ, ಮೂಕಜೀವಿಗಳ ಮೇಲೆ ನಮ್ಮೆಲ್ಲರ ಹೃದಯದಲ್ಲಿ ಕರುಣೆ ತುಂಬಲಿ.