ಲೋಟದೊಳಗಿನ ತುಂಗೆ

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತನ್ನು ಹುಟ್ಟಿಸಿದ ಹಿರಿಯರಿಗೆ ಕಾಫಿಯ ಪರಿಚಯವಿರಲಿಲ್ಲ. ಇದ್ದಿದ್ದರೆ ಪಾನವೆಂಬ ಶಬ್ದದ ಅರ್ಥವನ್ನು ಅವರು ಇನ್ನಷ್ಟು ವಿಸ್ತರಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ದಾರಿ ಹಿಡಿದರೆ ಸುಮಾರು ೧೨ ಕಿಲೋಮೀಟರಿನಲ್ಲಿ ಸಿಗುವ ಗಾಜನೂರಿನಲ್ಲಿ ಈ ಎರಡು ಪಾನಗಳೂ ಒಂದೇ ಲೋಟದಲ್ಲಿ ಸೇರುತ್ತವೆ. ೧೯೫೦ರ ದಶಕದಲ್ಲಿ ತುಂಗೆಗೆ ಅಡ್ಡಲಾಗಿ ಅಣೆಕಟ್ಟು ಎದ್ದ ಊರು ಇದು. ಮುಂಗಾರು ಕಾಲಿಟ್ಟರೆ ನಾಡಿನಲ್ಲಿ ಮೊದಮೊದಲು ತುಂಬುವ ಜಲಾಶಯಗಳಲ್ಲಿ ಇಲ್ಲಿಯದೂ ಒಂದು. ಆಗ ಧುಮುಕುವ ನೀರನ್ನು ನೋಡಲು ಜನ ಕೊಡೆ ಹಿಡಿದು ಬರುತ್ತಾರೆ. ನೋಡಿ ತಣಿದವರು ಮುಂದೆ ಹುಡುಕುವುದು ಬಿಸಿ ಕಾಫಿಯನ್ನು.

ಮಲೆನಾಡಿನ ಮಳೆಗೂ ಕಾಫಿಗೂ ಇರುವ ನಂಟು ಅಡಿಗೆಮನೆಯಲ್ಲಿ ಹುಟ್ಟಿದ್ದಲ್ಲ, ಬೆಟ್ಟದ ಮೇಲೆ ಹುಟ್ಟಿದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಮೊಳೆಯಬಲ್ಲ ಬೀಜವನ್ನು ಅರಬರು ಹೊರಗೆ ಬಿಡುತ್ತಿರಲಿಲ್ಲವಂತೆ. ಆ ಕಥೆಯ ಏಳು ಬೀಜಗಳು ಇಂದು ಎಷ್ಟಾಗಿವೆಯೆಂದರೆ, ಭಾರತದಲ್ಲಿ ಬೆಳೆಯುವ ಕಾಫಿಯ ನೂರರಲ್ಲಿ ಸುಮಾರು ೭೦ ಪಾಲು ಕರ್ನಾಟಕದ್ದು. ಭದ್ರೆಯ ದಡದ ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ನೆಲೆಗೊಂಡ ಸಂಶೋಧನಾ ಕೇಂದ್ರವು ಎಲೆತುಕ್ಕು ರೋಗವನ್ನು ತಾಳಿಕೊಳ್ಳುವ ತಳಿಗಳನ್ನು ಹುಡುಕಿತು. ‘ಎಸ್. ೭೯೫’ ಎಂಬ ಅರೇಬಿಕಾ ತಳಿ ಅಲ್ಲಿಯ ಕೊಡುಗೆಯೇ. ೧೯೪೨ರಲ್ಲಿ ಶಾಸನಬದ್ಧವಾದ ಕಾಫಿ ಮಂಡಳಿ ಊರೂರುಗಳಲ್ಲಿ ಕಾಫಿ ಹೌಸುಗಳನ್ನು ನಡೆಸಿ ಪಟ್ಟಣಿಗರಿಗೆ ರುಚಿ ಹತ್ತಿಸಿತು. ಮಂಡಳಿಯು ಅವನ್ನು ಮುಚ್ಚತೊಡಗಿದಾಗ ೧೯೫೭ರಿಂದೀಚೆಗೆ ನೌಕರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ನಡೆಸಿದರು. ಆ ಸಂಘಗಳಲ್ಲಿ ಮೊದಲಿನದು ಬೆಂಗಳೂರಿನದೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಇಷ್ಟೆಲ್ಲ ಇತಿಹಾಸ ಮನೆಯ ಫಿಲ್ಟರಿನ ಮುಂದೆ ನಿಂತಾಗ ಮರೆತೇ ಹೋಗುತ್ತದೆ. ಅಲ್ಲಿ ನಡೆಯುವುದು ಬೇರೆಯೇ ಶಾಸ್ತ್ರ. ಮೇಲಿನ ಪಾತ್ರೆಯಲ್ಲಿ ಪುಡಿಯನ್ನು ಹದವಾಗಿ ಒತ್ತಬೇಕು. ಸಡಿಲಾದರೆ ನೀರು ಓಡಿಹೋಗಿ ಡಿಕಾಕ್ಷನ್ ತೆಳುವಾಗುತ್ತದೆ. ಬಿಗಿಯಾದರೆ ಇಳಿಯುವುದೇ ಇಲ್ಲ. ಕುದಿದ ನೀರನ್ನು ಕ್ಷಣಕಾಲ ಆರಗೊಟ್ಟು ಸುರಿಯಬೇಕು. ಆಮೇಲೆ ಕಾಲು ಗಂಟೆಯ ತಾಳ್ಮೆ ಬೇಕು. ಚಿಕೋರಿ ಬೇಕೇ ಬೇಡವೇ ಎಂಬ ವಿಷಯದಲ್ಲಿ ಮನೆಗಳೇ ಎರಡಾಗಿರುವುದುಂಟು. ಹುರಿದ ಆ ಬೇರಿನಲ್ಲಿ ಕೆಫೀನ್ ಇಲ್ಲ. ಬಣ್ಣ, ಕಹಿ, ಮೈಕಟ್ಟುಗಳಿವೆ. ಮಿಶ್ರಣದಲ್ಲಿ ಕಾಫಿಯೇ ೫೧ ಪಾಲಿಗೆ ಕಡಿಮೆಯಿರಕೂಡದೆಂದು ಕಾನೂನು ಹೇಳುತ್ತದೆ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಗೃಹಿಣಿಗೆ ಈ ವಿಷಯವನ್ನು ಹೇಳಿಕೊಡಬೇಕಾಗಿಲ್ಲ.

ಆ ಗೃಹಿಣಿಯ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಮನೆಯಲ್ಲಿ ಮೊದಲು ಎದ್ದು ಡಿಕಾಕ್ಷನ್ ಇಳಿಸುವವಳು ಆಕೆ. ಬಹಳಷ್ಟು ಮನೆಗಳಲ್ಲಿ ಕೊನೆಗೆ ಕುಡಿಯುವವಳೂ ಆಕೆಯೇ. ಯಜಮಾನರಿಗೆ ಗಟ್ಟಿ, ಅತ್ತೆಯವರಿಗೆ ಸಕ್ಕರೆಯಿಲ್ಲದ್ದು, ಅತಿಥಿಗೆ ನೊರೆಯುಳ್ಳದ್ದು, ತನಗೆ ಅದೇ ಪುಡಿಯ ಮೇಲೆ ಎರಡನೆಯ ಬಾರಿ ಸುರಿದ ನೀರು. ಕಾಫಿಯ ಪ್ರೇಮವನ್ನು ಬಣ್ಣಿಸುವವರು ಈ ಎರಡನೆಯ ಡಿಕಾಕ್ಷನ್ನಿನ ವಿಚಾರವನ್ನು ಎತ್ತುವುದಿಲ್ಲ. ಮೊದಲನೆಯದರಲ್ಲಿ ಒಂದು ಪಾಲನ್ನು ಆಕೆಗೆಂದು ತೆಗೆದಿರಿಸುವ ಮನೆಯಲ್ಲಿ ಕಾಫಿಯ ಸಂಸ್ಕೃತಿಯುಂಟೆಂದು ಧಾರಾಳವಾಗಿ ಹೇಳಬಹುದು.

ಬೀಜ, ಪುಡಿ, ಕೈಗುಣ ಎಲ್ಲವನ್ನೂ ಹೊಗಳಿದ ಮೇಲೆ ಉಳಿಯುವುದು ನೀರು. ಹಾಲು ಬೆರೆಸದ ಕಾಫಿಯಲ್ಲಿ ನೂರರಲ್ಲಿ ೯೮ ಪಾಲು ನೀರೇ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರು ಕಾಫಿಯ ನವಿರಾದ ಹುಳಿಯನ್ನು ಕುಂದಿಸಿ ರುಚಿಯನ್ನು ಮಂಕಾಗಿಸುತ್ತದೆ. ಊರು ಬಿಟ್ಟು ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ನೆಲೆಸಿದ ಶಿವಮೊಗ್ಗೆಯವರು ಅದೇ ಅಂಗಡಿಯ ಪುಡಿಯನ್ನು ತರಿಸಿಕೊಂಡೂ ‘ಊರಿನ ಕಾಫಿ ಬರಲಿಲ್ಲ’ ಎಂದು ಹಲುಬುವುದು ಬರಿಯ ಮನಸ್ಸಿನ ಭ್ರಮೆಯಲ್ಲ. ಪುಡಿ ಪಾರ್ಸೆಲಿನಲ್ಲಿ ಬರುತ್ತದೆ, ತುಂಗೆ ಬರುವುದಿಲ್ಲ.

ಆದರೆ ಆ ತುಂಗೆಯೇ ಈಗ ಹಿಂದಿನಂತಿಲ್ಲ. ನಗರಗಳ ಕೊಳಚೆ ಹೊಳೆಯನ್ನು ಸೇರುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ೨೦೨೪ರ ನವೆಂಬರಿನಲ್ಲಿ ನದಿಯ ನೈರ್ಮಲ್ಯಕ್ಕಾಗಿ ಶೃಂಗೇರಿಯಿಂದ ಹೊರಟು ನದಿಯ ಜಾಡಿನಲ್ಲಿ ಪಾದಯಾತ್ರೆಯೂ ನಡೆಯಿತು. ಕಾಫಿಪ್ರಿಯರು ಕೇಳಲು ಇಷ್ಟಪಡದ ಸಂಗತಿ ಇನ್ನೊಂದಿದೆ. ತುಂಗೆ ಗಾಜನೂರನ್ನು ಮುಟ್ಟುವ ಮೊದಲು ಶೃಂಗೇರಿ, ಕೊಪ್ಪ ಸೀಮೆಯ ತೋಟಗಳ ನೀರನ್ನು ಹೊತ್ತು ಬರುತ್ತಾಳೆ. ಒಳ್ಳೆಯ ಪಾರ್ಚ್‌ಮೆಂಟ್ ಕಾಫಿ ಮಾಡಬೇಕಾದರೆ ಹಣ್ಣಿನ ಸಿಪ್ಪೆ ಸುಲಿದು, ಬೀಜಕ್ಕೆ ಅಂಟಿದ ಲೋಳೆಯನ್ನು ಹುದುಗಿಸಿ ತೊಳೆಯಬೇಕು. ಹಾಗೆ ತೊಳೆದ ನೀರಿನಲ್ಲಿ ಸಿಹಿಯೂ ಲೋಳೆಯೂ ತುಂಬಿರುತ್ತವೆ. ಅದು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕವನ್ನು ಹೀರುತ್ತದೆ. ಹಳ್ಳಕ್ಕೆ ಹರಿದರೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಈ ಕೆಲಸ ನಡೆಯುವುದು ಚಳಿಗಾಲದಲ್ಲಿ. ಹೊಳೆ ಇಳಿಮುಖವಾಗುವುದೂ ಆಗಲೇ.

ಹೀಗೆಂದ ಮಾತ್ರಕ್ಕೆ ಬೆಳೆಗಾರರೆಲ್ಲರ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ. ಈ ನೀರನ್ನು ಶುದ್ಧಪಡಿಸದೆ ಹೊಳೆಗೆ ಬಿಡಕೂಡದೆಂಬ ನಿಯಮವಿದೆ. ತೋಟದಲ್ಲಿಯೇ ಹೊಂಡ ತೋಡಿ ಸುಣ್ಣ ಹಾಕಿ ತಿಳಿಗೊಳಿಸುವವರಿದ್ದಾರೆ. ಅಲ್ಪ ನೀರಿನಲ್ಲಿ ಕೆಲಸ ಮುಗಿಸುವ ಹೊಸ ಪಲ್ಪರುಗಳಿವೆ. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸುವ ಚೆರಿ ಪದ್ಧತಿಯೂ ಉಂಟು. ಇವಕ್ಕೆಲ್ಲ ಖರ್ಚು ತಗಲುತ್ತದೆ, ಇಲ್ಲವೆ ಸಿಗುವ ಬೆಲೆ ಇಳಿಯುತ್ತದೆ. ಸಣ್ಣ ಹಿಡುವಳಿಯ ರೈತನೊಬ್ಬನೇ ಅದನ್ನು ಹೊರಬೇಕೆಂದರೆ ಹೊಳೆಗೆ ಉಳಿಗಾಲವಿಲ್ಲ. ಪುಡಿಯ ಬೆಲೆ ಏರಿತೆಂದು ಗೊಣಗುವ ಪಟ್ಟಣಿಗನು, ಆ ಬೆಲೆಯಲ್ಲಿ ಹೊಳೆಯ ಪಾಲು ಎಷ್ಟೆಂದು ಅಂಗಡಿಯವನನ್ನು ಒಮ್ಮೆಯಾದರೂ ಕೇಳಿದ್ದುಂಟೆ?

ಕೇಳುವ ಹಕ್ಕು ಕಾಫಿಪ್ರಿಯನಿಗೇ ಹೆಚ್ಚು. ಪುಡಿಯ ಹದ, ಹಾಲಿನ ದಪ್ಪ, ಲೋಟದ ಬಿಸಿ ಇವುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹುಬ್ಬು ಗಂಟಿಕ್ಕುವ ಅವನು, ನೂರರಲ್ಲಿ ೯೮ ಪಾಲಿನ ವಿಷಯದಲ್ಲಿ ಮಾತ್ರ ಸುಮ್ಮನಿರುವುದು ವಿಚಿತ್ರವೇ ಸರಿ. ಊರಿನ ಚರಂಡಿ ಹೊಳೆಗೆ ಸೇರುವ ಕಡೆ ನಗರಸಭೆಯನ್ನು ಎಚ್ಚರಿಸುವುದು, ತೋಟದಿಂದ ನೇರವಾಗಿ ಬೀಜ ಕೊಳ್ಳುವಾಗ ತೊಳೆದ ನೀರು ಎಲ್ಲಿಗೆ ಹೋಯಿತೆಂದು ವಿಚಾರಿಸುವುದು, ಸರಿಯಾದ ಉತ್ತರ ಕೊಟ್ಟವನಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು, ಇವೂ ಕಾಫಿ ಮಾಡುವ ಕ್ರಮದಲ್ಲಿಯೇ ಸೇರಿದ ಕೆಲಸಗಳು. ಗಂಗೆಯ ಸ್ನಾನಕ್ಕೆ ರೈಲು ಹತ್ತಿ ಕಾಶಿಗೆ ಹೋಗಬೇಕು. ತುಂಗೆಯ ಪಾನಕ್ಕೆ ಶಿವಮೊಗ್ಗೆಯವರು ಅಡಿಗೆಮನೆಯವರೆಗೆ ಹೋದರೆ ಸಾಕು. ಇಷ್ಟು ಹತ್ತಿರದಲ್ಲಿರುವ ಪುಣ್ಯವನ್ನು ಕಳೆದುಕೊಂಡ ಮೇಲೆ, ಫಿಲ್ಟರು ಎಷ್ಟೇ ಬೆಲೆಬಾಳುವುದಾದರೂ ಅದು ಸೋಸಿಕೊಡುವುದೇನು?