ವಂಶವೃಕ್ಷದಲ್ಲಿ ತಪ್ಪಿಹೋದ ಗೆರೆ



ನಮ್ಮ ಪತ್ರಿಕೆಗೆ ವಿಮರ್ಶೆಗೆಂದು ಬರುವ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜೀವನಚರಿತ್ರೆಗಳು, ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು. ಹೋದ ತಿಂಗಳು ಅಂಥ ಹನ್ನೊಂದನ್ನು ಒಂದರ ಹಿಂದೆ ಒಂದು ಓದಿದೆ. ರಕ್ಷಾಪುಟ ಮುಚ್ಚಿಟ್ಟು, ಇದು ಯಾರ ಚರಿತ್ರೆ ಹೇಳಿ ಎಂದು ಕೇಳಿದರೆ ನಾನು ಹೇಳಲಾರೆ. ಎಲ್ಲರೂ ಬಡತನದಲ್ಲಿ ಹುಟ್ಟಿದವರು, ಎಲ್ಲರೂ ಬಾಲ್ಯದಿಂದಲೇ ಲಿಂಗಪೂಜಾನಿಷ್ಠರು, ಎಲ್ಲರೂ ಕೊಡುಗೈ ದಾನಿಗಳು. ಯಾರಿಗೂ ಒಮ್ಮೆಯೂ ಸಿಟ್ಟು ಬಂದಿಲ್ಲ. ಅಣ್ಣತಮ್ಮಂದಿರ ನಡುವೆ ಗದ್ದೆ ಬದುವಿನ ಜಗಳ ಒಂದೂ ಇಲ್ಲ. ಹಾಗಾದರೆ ನಂಜನಗೂಡು, ನರಸೀಪುರದ ಕೋರ್ಟುಗಳಲ್ಲಿ ನಡೆಯುವ ಭಾಗದ ದಾವೆಗಳೆಲ್ಲ ಯಾರ ಮನೆಯವು?

ನಾನು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದವನು, ಸಾಹಿತಿಯಲ್ಲ. ಆದರೆ ಆತ್ಮಕಥೆ, ಜೀವನಚರಿತ್ರೆ ಎಂದರೆ ಊಟ ಬಿಟ್ಟು ಓದುತ್ತೇನೆ. ನಮ್ಮ ವೃತ್ತಿಯವರಿಗೆಲ್ಲ ದೊಡ್ಡವರಾದ ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1951ರಲ್ಲಿ ಪ್ರಕಟಿಸಿದರು. ಸೇವೆಗೆ ಸೇರಿದ ಹೊಸದರಲ್ಲಿ ಅದನ್ನು ಎರಡು ಬಾರಿ ಓದಿದೆ. ನಿಜ ಹೇಳಬೇಕೆಂದರೆ, ಅದು ಇಲಾಖೆಗೆ ಸಲ್ಲಿಸಿದ ವರದಿಯಂತಿದೆ. ಅಣೆಕಟ್ಟು ಇದೆ, ಯೋಜನೆ ಇದೆ, ಮನೆ ಇಲ್ಲ. ಆದರೂ ಆ ಪುಸ್ತಕದ ಮೇಲೆ ನನಗೆ ಗೌರವವಿದೆ. ವೃತ್ತಿಯ ವಿಷಯ ಹೇಳುತ್ತೇನೆಂದರು, ಅದನ್ನೇ ಹೇಳಿದರು. ಮನೆಯ ವಿಷಯ ಹೇಳುತ್ತೇನೆಂದು ಕೂರಿಸಿಕೊಂಡು ಅರ್ಧ ನುಂಗಲಿಲ್ಲ.

ನಂಜನಗೂಡಿನವರಾದ ನಮಗೆ ಮನೆಯ ವಿಷಯ ಹೇಳುವ ದೊಡ್ಡ ಪುಸ್ತಕವೊಂದಿದೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’, 1965ರದ್ದು. ಶ್ರೀಕಂಠೇಶ್ವರನ ಊರಿನ ವೈದಿಕ ಮನೆ, ಕಪಿಲೆಯ ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡ ಮಗ, ಎಳೆಗೂಸಿನ ಜೊತೆ ಉಳಿದ ಸೊಸೆ ಕಾತ್ಯಾಯನಿ. ಅವಳು ಓದಲು ರೈಲಿನಲ್ಲಿ ಮೈಸೂರಿಗೆ ಹೋಗಿಬರುತ್ತಾಳೆ. ಆ ರೈಲು ದಾಟುತ್ತಿದ್ದದ್ದು 1735ರಲ್ಲಿ ಕಟ್ಟಿದ ದಳವಾಯಿ ಸೇತುವೆಯನ್ನು. ಕಲ್ಲಿನ ಕಮಾನುಗಳ ಆ ಸೇತುವೆ ಎತ್ತಿನಗಾಡಿಯನ್ನೂ ರೈಲನ್ನೂ ಹೊತ್ತದ್ದನ್ನು ನೋಡಿದರೆ ನನ್ನಂಥವನಿಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಅದಿರಲಿ. ಕಾತ್ಯಾಯನಿ ಮರುಮದುವೆಯಾಗುತ್ತಾಳೆ, ಮಗು ನಂಜನಗೂಡಿನಲ್ಲೇ ಉಳಿಯುತ್ತದೆ. ಮೇಲಿಂದ ಮೇಲೆ ಗರ್ಭಪಾತವಾಗಿ ಕೊನೆಗೆ ಅವಳು ಸಾಯುತ್ತಾಳೆ.

ಈ ಕಾದಂಬರಿಯನ್ನು ಬಿ.ವಿ. ಕಾರಂತರೂ ಗಿರೀಶ ಕಾರ್ನಾಡರೂ ಸೇರಿ ಸಿನಿಮಾ ಮಾಡಿದರು, 1972ರಲ್ಲಿ ತೆರೆಗೆ ಬಂತು. ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ವಿಷ್ಣುವರ್ಧನ್ ಕೂಡ ಅದರಲ್ಲಿ ಕಾಣಿಸಿಕೊಂಡಿದ್ದರು. ನಾನು ನೋಡಿದ್ದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ. ಸಿನಿಮಾ ಚೆನ್ನಾಗಿದೆ. ಆದರೆ ಹಾಸ್ಟೆಲಿಗೆ ನಡೆದು ಬರುವಾಗ ನನ್ನೊಳಗೆ ಒಂದು ಸಿಟ್ಟಿತ್ತು. ಮರುಮದುವೆಯಾದ ಹೆಣ್ಣಿನ ಗರ್ಭಕ್ಕೇ ಲೆಕ್ಕ ಚುಕ್ತಾ ಮಾಡಿಸಬೇಕಿತ್ತೇ? ಆ ಸಿಟ್ಟಿಗೆ ನಮ್ಮ ಮನೆಯ ಕಾರಣವೂ ಇತ್ತು. ಮುಂದೆ ಹೇಳುತ್ತೇನೆ.

ಬಹಳ ವರ್ಷದ ಮೇಲೆ, 2011ರಲ್ಲಿ, ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ ಬಂತು. ತಾನು ಹುಟ್ಟುವುದೇ ಬೇಡವೆಂದು ತಾಯಿ ಡಾಕ್ಟರನ್ನು ಕಾಣಲು ಹೋಗಿದ್ದ ಸಂಗತಿಯಿಂದ ಅದು ಶುರುವಾಗುತ್ತದೆ. ಆ ದಿನ ಕ್ಲಿನಿಕ್ಕಿಗೆ ಬಾರದೆ ಹೋದ ಡಾಕ್ಟರಿಗೇ ಪುಸ್ತಕದ ಅರ್ಪಣೆ. ಅದನ್ನು ಓದಿದಾಗಲೇ ನನಗೆ ತಿಳಿದದ್ದು: ಅವರ ತಾಯಿ ಕೃಷ್ಣಾಬಾಯಿ ಒಬ್ಬ ಮಗನಿದ್ದ ಎಳೆಯ ವಿಧವೆ. ಡಾ. ರಘುನಾಥ ಕಾರ್ನಾಡರು ಅವರನ್ನು ಮದುವೆಯಾಗಲು ಜನರ ಮಾತಿಗೆ ಸಿಕ್ಕಿ ವರ್ಷಗಟ್ಟಲೆ ಕಾಯಬೇಕಾಯಿತು, ಕೊನೆಗೆ ಆರ್ಯಸಮಾಜದ ವಿಧಿಯಂತೆ ಮದುವೆ ನಡೆಯಿತು. ಕಾತ್ಯಾಯನಿಯ ಕಥೆಯನ್ನು ತೆರೆಗೆ ತಂದವರು ಅಂಥ ತಾಯಿಯ ಮಗ! ಆ ತಾಯಿಗೆ ಆಮೇಲೂ ಮಕ್ಕಳಾದವು, ಬಾಳು ನಡೆಯಿತು. ಕಾದಂಬರಿ ಒಂದು ಹೇಳಿತ್ತು, ಬದುಕು ಇನ್ನೊಂದು ಹೇಳಿತು. ತಾಯಿಯ ಹಿಂದಿನ ಬಾಳನ್ನು ಮುಚ್ಚಿದ್ದರೆ ಕಾದು ಮದುವೆಯಾದ ತಂದೆಯ ದಿಟ್ಟತನ ಓದುಗರಿಗೆ ಗೊತ್ತೇ ಆಗುತ್ತಿರಲಿಲ್ಲ.

ಭೈರಪ್ಪನವರಿಗೂ ನ್ಯಾಯ ಸಲ್ಲಬೇಕು. ‘ವಂಶವೃಕ್ಷ’ದ ಕೊನೆಗೆ ಶ್ರೀನಿವಾಸ ಶ್ರೋತ್ರಿಗಳಿಗೆ ತಾವು ಆ ವಂಶದ ರಕ್ತವೇ ಅಲ್ಲವೆಂದು ಹಳೆಯ ಗುಟ್ಟೊಂದರಿಂದ ತಿಳಿಯುತ್ತದೆ. ಅವರು ಆ ಗುಟ್ಟನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವುದಿಲ್ಲ, ಆಸ್ತಿಯನ್ನೇ ಬಿಟ್ಟು ಹೊರಡುತ್ತಾರೆ. 1996ರ ‘ಭಿತ್ತಿ’ಯಲ್ಲಿ ಪ್ಲೇಗಿಗೆ ಒಡಹುಟ್ಟಿದವರನ್ನು ಕಳೆದುಕೊಂಡದ್ದು, ವಾರಾನ್ನ ಉಂಡು ಓದಿದ್ದು ಮಾತ್ರವಲ್ಲ, ತಂದೆಯ ಹೊಣೆಗೇಡಿತನವನ್ನೂ ಹಾಗೇ ಬರೆದಿದ್ದಾರೆ. ಅವರ ಸಿದ್ಧಾಂತ ನನಗೆ ಎಷ್ಟೋ ಕಡೆ ಒಗ್ಗುವುದಿಲ್ಲ. ತಂದೆಯ ಬಗ್ಗೆ ಹಾಗೆ ಬರೆಯುವ ಎದೆಗಾರಿಕೆ ನನ್ನಲ್ಲಿರಲಿಲ್ಲ.

ನಮ್ಮ ತಾಲ್ಲೂಕಿನದೇ ಇನ್ನೊಂದು ಪುಸ್ತಕದ ಮಾತು ಇಲ್ಲಿ ಬರಲೇಬೇಕು. ಗುರುಮಲ್ಲೇಶ್ವರರ ದಾಸೋಹದ ದೇವನೂರಿನಲ್ಲೇ ಹುಟ್ಟಿದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’, 1988ರದ್ದು. ಮೇಲ್ಜಾತಿ ಮನೆಯ ಹೆಣ್ಣು ಕುಸುಮ, ದಲಿತ ಹುಡುಗ ಚನ್ನ, ಅವನ ಕೊಲೆ. ಅದು ನಮ್ಮ ಸೀಮೆಯ ಮಾತಿನಲ್ಲೇ ಇದೆ. ಅದು ಯಾರ ಮನೆಯಂಥ ಮನೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮವರು ಕೆಲವರು ಆ ಪುಸ್ತಕದ ಭಾಷೆ ಅರ್ಥವಾಗುವುದಿಲ್ಲ ಎನ್ನುತ್ತಾರೆ. ಮನೆಯಲ್ಲಿ ಅವರು ಆಡುವುದು ಅದೇ ಭಾಷೆ.

ಸಿನಿಮಾಗಳಲ್ಲಿ ನಮ್ಮ ಬಸವಣ್ಣನವರ ಗತಿ ಏನಾಯಿತು? 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜಕುಮಾರ್ ಬಿಜ್ಜಳ. ನಮ್ಮ ತಾಯಿ ಟೂರಿಂಗ್ ಟಾಕೀಸಿನಲ್ಲಿ ನೋಡಿ ಬಂದವರು ಕಡೆಯವರೆಗೂ ನೆನೆಯುತ್ತಿದ್ದದ್ದು ಬಿಜ್ಜಳನನ್ನೇ! ನಕ್ಕು ಬಿಡೋಣ. ಆದರೆ ಪವಾಡದ ಬೆಳಕಿನಲ್ಲಿ ನಿಲ್ಲಿಸಿದ ಬಸವಣ್ಣನವರಿಗಿಂತ, ತಮ್ಮ ವಚನಗಳಲ್ಲಿ ತಮ್ಮ ಮನಸ್ಸಿನ ಚಂಚಲವನ್ನು, ತಮ್ಮ ತೋರಿಕೆಯನ್ನು ತಾವೇ ಕೂಡಲಸಂಗಮನ ಮುಂದೆ ಬಿಚ್ಚಿಟ್ಟ ಬಸವಣ್ಣನವರು ನನಗೆ ಹತ್ತಿರ. ಕನ್ನಡದಲ್ಲಿ ಮುಚ್ಚುಮರೆಯಿಲ್ಲದ ಆತ್ಮಕಥೆಯ ದಾರಿ ಅಲ್ಲಿಂದಲೇ ಇದೆ. ನಾವು ಅಭಿನಂದನ ಗ್ರಂಥ ಅಚ್ಚು ಹಾಕಿಸಿಕೊಂಡು ಆ ದಾರಿ ಬಿಟ್ಟೆವು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಲಿಂಗೈಕ್ಯ ತಂದೆಯವರ ಜನ್ಮಶತಮಾನಕ್ಕೆ ಸ್ಮರಣ ಸಂಚಿಕೆ ತಂದೆವು, ಐನೂರು ಪ್ರತಿ. ಬರೆದವನು ನಾನೇ. ನಡುವೆ ಮಡಿಸಿದ ಹಾಳೆಯಲ್ಲಿ ನಮ್ಮ ವಂಶವೃಕ್ಷ. ಇಂಜಿನಿಯರಲ್ಲವೇ, ಕಂಪ್ಯೂಟರಿನಲ್ಲಿ ಗೆರೆ ಸ್ವಲ್ಪವೂ ಓರೆಯಾಗದಂತೆ ಎಳೆದೆ. ತಂದೆಯವರ ತಂಗಿ, ನನ್ನ ಸೋದರತ್ತೆ, ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡವರು. ಐದು ವರ್ಷದ ಮೇಲೆ ನಂಜನಗೂಡು ಕಡೆಯ ಒಬ್ಬ ಸ್ಕೂಲು ಮೇಷ್ಟರನ್ನು ರಿಜಿಸ್ಟರ್ ಮದುವೆಯಾದರು. ಅವರೂ ಲಿಂಗಾಯತರೇ, ಆದರೆ ಬೇರೆ ಒಳಪಂಗಡ. ಕೂಡಾವಳಿ ಎಂಬ ಮಾತೇ ಹಗುರವೆನಿಸಿದ್ದ ನಮ್ಮ ತಾತನಿಗೆ ಇದು ಎರಡನೆಯ ಪೆಟ್ಟು. ಬಾಗಿಲು ಮುಚ್ಚಿತು. ವೃಕ್ಷದಲ್ಲಿ ನಾನು ಅತ್ತೆಯ ಹೆಸರು ಹಾಕಿದೆ, ಮೊದಲ ಗಂಡನ ಹೆಸರು ಹಾಕಿದೆ, ಕೆಳಗೆ ‘ಸಂತತಿ ಇಲ್ಲ’ ಎಂದು ಬರೆದೆ.

ಮಠದ ಸಮುದಾಯ ಭವನದಲ್ಲಿ ಬಿಡುಗಡೆ. ಆ ವೇದಿಕೆಯ ಮೇಲೆ ಹರಳಯ್ಯ-ಮಧುವರಸರ ಮಕ್ಕಳ ಮದುವೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದವನೂ ನಾನೇ. ಪ್ರಸಾದವಾದ ಮೇಲೆ ಅತ್ತೆಯ ಮಗಳು, ಈಗ ಅರವತ್ತರ ಹತ್ತಿರದವಳು, ಆ ಹಾಳೆ ಬಿಡಿಸಿಕೊಂಡು ಬಂದಳು. ಜಗಳವಾಡಲಿಲ್ಲ. ಬೆರಳಿಟ್ಟು ತೋರಿಸಿ, “ಹಂಗಾರ ನಾನ್ಯಾರ ಮಗಳು ಬಾವ?” ಎಂದಳು ಅಷ್ಟೆ.

ಅತ್ತೆಯನ್ನು ಬಿಡಲು ಹೋಗಿ ನಾನು ಬಿಟ್ಟದ್ದು ಅವರನ್ನು ಮಾತ್ರವಲ್ಲ. ತಾತ ಬದುಕಿರುವಾಗಲೇ ನಮ್ಮಪ್ಪ ಪ್ರತಿ ಸುಗ್ಗಿಗೂ ಒಂದು ಮೂಟೆ ಭತ್ತವನ್ನು ಬಸ್ಸಿನ ಟಾಪಿಗೆ ಹಾಕಿಸಿ, ಹನ್ನೆರಡು ವರ್ಷದ ನನ್ನನ್ನು ಜೊತೆಗೆ ಕಳಿಸುತ್ತಿದ್ದರು. “ತಾತ ಕೇಳಿದ್ರೆ ಸ್ಕೂಲ್ಗೋಗಿದ್ದೆ ಅನ್ನು” ಎನ್ನುತ್ತಿದ್ದರು. ಅತ್ತೆ ಆ ಮೂಟೆಯನ್ನು ಮುಟ್ಟಿ ನೋಡಿ, ನಮ್ಮೂರ ಗದ್ದೆಯದೋ ಎಂದು ಕೇಳುತ್ತಿದ್ದರು. ಅಪ್ಪ ತಮ್ಮ ಬಾಳಿನಲ್ಲಿ ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ನೂರಿಪ್ಪತ್ತು ಪುಟದ ಸಂಚಿಕೆಯಲ್ಲಿ ಅವರನ್ನು ದಾಸೋಹಿ ಎಂದು ಅದೆಷ್ಟು ಕಡೆ ಕರೆದೆನೋ ಲೆಕ್ಕವಿಲ್ಲ. ಈ ಮೂಟೆ ಮಾತ್ರ ಎಲ್ಲೂ ಇಲ್ಲ. ಹೇಳಿದರೆ ಅತ್ತೆಯ ಮದುವೆಯನ್ನೂ ಹೇಳಬೇಕಾಗುತ್ತಿತ್ತು.

ಇಲಾಖೆಯಲ್ಲಿ ಅಳತೆ ಪುಸ್ತಕ ಎಂದಿರುತ್ತದೆ, ನಾವು ಎಂ.ಬಿ. ಎನ್ನುತ್ತೇವೆ. ಅದರಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಓದಲು ಬರುವ ಹಾಗೆ ಗೆರೆ ಹೊಡೆದು, ಸರಿಯಾದದ್ದನ್ನು ಬರೆದು, ಸಹಿ ತಾರೀಖು ಹಾಕಬೇಕು. ನನ್ನ ಕೈಕೆಳಗಿನ ಹುಡುಗರು ರಬ್ಬರ್ ಮುಟ್ಟಿದರೆ ಬೈಯುತ್ತಿದ್ದವನು ನಾನು.

ಮುಂದಿನ ಸಂಚಿಕೆಯಿಂದ ನಮ್ಮ ಪತ್ರಿಕೆಗೆ ಬರುವ ಜೀವನಚರಿತ್ರೆಗಳಲ್ಲಿ ಹೊಗಳಿಕೆ ಎಷ್ಟಿದೆ ಎಂದು ನೋಡುವುದಿಲ್ಲ. ಮನೆಯ ಹೆಣ್ಣುಮಕ್ಕಳ ಬಾಳು ಅದರಲ್ಲಿ ಎಷ್ಟು ಬಂದಿದೆ, ಆ ಮನುಷ್ಯ ಎಲ್ಲಿ ಸೋತ, ಏನನ್ನು ತಿದ್ದಿಕೊಂಡ ಎಂದು ನೋಡಿ ವಿಮರ್ಶೆ ಬರೆಯುತ್ತೇವೆ. ಬೇಜಾರು ಮಾಡಿಕೊಳ್ಳುವವರು ಇರುತ್ತಾರೆ. ನಮ್ಮ ಮನೆಯಲ್ಲೇ ಇದ್ದಾರೆ. “ಈಗ್ಯಾಕ್ಲಾ ಅದೆಲ್ಲ?” ಎಂದ ನಮ್ಮಣ್ಣ ಎರಡು ತಿಂಗಳಿಂದ ಫೋನು ಎತ್ತುತ್ತಿಲ್ಲ.

ಸಂಚಿಕೆಯ ಎಪ್ಪತ್ತು ಪ್ರತಿ ನನ್ನ ಬಳಿ ಉಳಿದಿದ್ದವು. ಹೊಸ ಹಾಳೆ ಅಚ್ಚು ಹಾಕಿಸಲಿಲ್ಲ. ಹಳೆಯ ಹಾಳೆಯಲ್ಲೇ ‘ಸಂತತಿ ಇಲ್ಲ’ ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆದು, ಮೇಷ್ಟರ ಹೆಸರು, ಅವರ ಮಗಳ ಹೆಸರು, ಮೊಮ್ಮಕ್ಕಳ ಹೆಸರು ಬರೆದು, ಪಕ್ಕದಲ್ಲಿ ಸಹಿ ತಾರೀಖು ಹಾಕಿದ್ದೇನೆ. ಭತ್ತದ ಮೂಟೆಯ ವಿಷಯ ಒಂದು ಪುಟ ಟೈಪು ಮಾಡಿಸಿ ಒಳಗಿಟ್ಟಿದ್ದೇನೆ. ಮೊದಲ ಪ್ರತಿಯನ್ನು ಅವಳ ಮನೆಗೇ ಹೋಗಿ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ, ಅಪ್ಪನ ಹೆಸರಿನ ಮುಂದೆ ‘ಮೇಷ್ಟ್ರು’ ಎಂದು ಸೇರಿಸಲು ಹೇಳಿದಳು. ಅಲ್ಲೇ ಕೂತು ಸೇರಿಸಿ, ಅದಕ್ಕೂ ಒಂದು ಸಹಿ ಹಾಕಿದೆ.