ಆಟದ ಎಂಜಿನ್ನಿಗೊಂದು ದನಿ

ಕೃಷ್ಣಮೂರ್ತಿಪುರಂನ ಮನೆಗಳಿಗೆ ರೈಲಿನ ಸದ್ದು ಹೊಸದಲ್ಲ. ಹತ್ತಿರದಲ್ಲೇ ಚಾಮರಾಜಪುರಂ ನಿಲ್ದಾಣ. ನಂಜನಗೂಡು, ಚಾಮರಾಜನಗರದ ಗಾಡಿಗಳು ಹಾದುಹೋಗುವ ದಾರಿ. ಅದು ಮೀಟರ್ ಗೇಜ್ ದಾರಿಯಾಗಿದ್ದಾಗ ಉಗಿ ಎಂಜಿನ್ನಿನ ಕೂಗು ಕೇಳಿ ಬೆಳೆದ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಅಂಥ ಮನೆಯೊಂದರ ಅಟ್ಟದಿಂದ ಹಳೆಯ ಆಟದ ರೈಲೊಂದು ಕೆಳಗಿಳಿದರೆ ಮೊಮ್ಮಗಳು ಕೇಳುವ ಮೊದಲ ಪ್ರಶ್ನೆ ಒಂದೇ: ‘ತಾತ, ಇದು ಯಾಕೆ ಕೂಗಲ್ಲ?’

ಕೂಗಿಸಬಹುದು. ಡಿಕೋಡರ್ ಎಂಬ ಅಂಚೆಚೀಟಿಯಷ್ಟು ಪುಟ್ಟ ಎಲೆಕ್ಟ್ರಾನಿಕ್ ಹಲಗೆಯನ್ನು ಎಂಜಿನ್ನಿನ ಹೊಟ್ಟೆಯೊಳಗೆ ಕೂರಿಸಿದರೆ ಅದು ಚುಕ್‌ಬುಕ್ ಅನ್ನುತ್ತದೆ, ಸಿಳ್ಳೆ ಹಾಕುತ್ತದೆ, ನಿಂತಲ್ಲೇ ಬುಸುಗುಡುತ್ತದೆ. ಈ ‘ನಿಂತಲ್ಲೇ’ ಎಂಬುದರಲ್ಲಿಯೇ ವಿಷಯವೆಲ್ಲ ಇದೆ. ಹಳೆಯ ಪದ್ಧತಿಯಲ್ಲಿ ಹಳಿಗೆ ಹರಿಸುವ ವಿದ್ಯುತ್ತಿನ ಒತ್ತಡವನ್ನು ಸೊನ್ನೆಯಿಂದ 12 ವೋಲ್ಟಿನವರೆಗೆ ಏರಿಸಿದರೆ ವೇಗ ಹೆಚ್ಚುತ್ತಿತ್ತು. ಧನ–ಋಣ ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಬರುತ್ತಿತ್ತು. ಗಾಡಿ ನಿಂತಿತೆಂದರೆ ಹಳಿಯಲ್ಲಿ ವಿದ್ಯುತ್ತೇ ಇಲ್ಲ. ದನಿ ಎಲ್ಲಿಂದ ಬರಬೇಕು? 1990ರ ದಶಕದಲ್ಲಿ ಬಳಕೆಗೆ ಬಂದ ಡಿಜಿಟಲ್ ಪದ್ಧತಿಯಲ್ಲಿ ಹಳಿಯ ಮೇಲೆ ಪೂರ್ಣ ಒತ್ತಡ ಸದಾ ಇರುತ್ತದೆ. ಅದರ ದಿಕ್ಕು ಕ್ಷಣಕ್ಷಣಕ್ಕೂ ತಿರುಗುತ್ತದೆ. ತಿರುವಿನ ಅರ್ಧ ಭಾಗ 58 ಮೈಕ್ರೊಸೆಕೆಂಡಿನದಾದರೆ ‘ಒಂದು’, 100 ಅಥವಾ ಅದಕ್ಕೂ ಹೆಚ್ಚಿನದಾದರೆ ‘ಸೊನ್ನೆ’. ಈ ಒಂದು–ಸೊನ್ನೆಗಳ ಸಾಲಿನಲ್ಲಿ ಎಂಜಿನ್ನಿನ ವಿಳಾಸ ಮತ್ತು ಅಪ್ಪಣೆ ಎರಡೂ ಇರುತ್ತವೆ: ಮೂರನೆಯ ನಂಬರಿನ ಎಂಜಿನ್, ಸಿಳ್ಳೆ ಹಾಕು! ಉಳಿದ ಎಂಜಿನ್ನುಗಳು ಕೇಳಿಯೂ ಸುಮ್ಮನಿರುತ್ತವೆ.

ಹೊಸ ಎಂಜಿನ್ನುಗಳಲ್ಲಿ ಡಿಕೋಡರ್ ಸಿಕ್ಕಿಸಲು ಸಾಮಾನ್ಯವಾಗಿ ಸಾಕೆಟ್ ಇರುತ್ತದೆ. ಅಟ್ಟದ ಎಂಜಿನ್ನಿನಲ್ಲಿ ಅದಿರುವುದಿಲ್ಲ. ಅಷ್ಟೇ ಅಲ್ಲ, ಎಷ್ಟೋ ಹಳೆಯ ಎಂಜಿನ್ನುಗಳಲ್ಲಿ ಮೋಟಾರಿನ ಎರಡು ಬ್ರಷ್ಷುಗಳ ಪೈಕಿ ಒಂದಕ್ಕೆ ವಿದ್ಯುತ್ ಬರುವುದು ಲೋಹದ ಅಡಿಗಟ್ಟಿನ ಮೂಲಕವೇ. ಇದನ್ನು ಗಮನಿಸದೆ ತಂತಿ ಬೆಸೆದರೆ ಹಳಿಯ ವಿದ್ಯುತ್ ನೇರವಾಗಿ ಡಿಕೋಡರಿನ ಮೋಟಾರು ತುದಿಗೆ ನುಗ್ಗಿ, ಹಲವು ಸಾವಿರ ರೂಪಾಯಿಯ ಹಲಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತದೆ. ಆದ್ದರಿಂದ ದನಿ ಕೂರಿಸುವ ಕೆಲಸ ಆರಂಭವಾಗುವುದು ದನಿಯಿಂದಲ್ಲ, ಮೋಟಾರನ್ನು ಅಡಿಗಟ್ಟಿನಿಂದ ಬೇರ್ಪಡಿಸುವುದರಿಂದ. ಬ್ರಷ್ಷಿಗೂ ಅಡಿಗಟ್ಟಿಗೂ ನಡುವೆ ಪ್ಲಾಸ್ಟಿಕ್ ಕೊಳವೆಯ ತುಣುಕೋ ಹಾಳೆಯೋ ಬಂದ ಮೇಲೆ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಎರಡು ಬ್ರಷ್ಷುಗಳಲ್ಲಿ ಯಾವುದರಿಂದಲೂ ಅಡಿಗಟ್ಟಿಗೆ ಸಂಪರ್ಕ ಸಿಗಬಾರದು. ಅನಂತರವಷ್ಟೇ ನಾಲ್ಕು ತಂತಿ: ಕೆಂಪು ಬಲಹಳಿಗೆ, ಕಪ್ಪು ಎಡಹಳಿಗೆ, ಕಿತ್ತಳೆ ಮತ್ತು ಬೂದು ಬಣ್ಣದವು ಮೋಟಾರಿಗೆ.

ಇನ್ನೊಂದು ಪರೀಕ್ಷೆಯೂ ಉಂಟು. ಹಳೆಯ ಮೋಟಾರಿನ ಅಯಸ್ಕಾಂತ ವರ್ಷಗಳು ಕಳೆದಂತೆ ಸೊರಗಿದ್ದರೆ ಅದು ಹೆಚ್ಚು ವಿದ್ಯುತ್ ಎಳೆಯುತ್ತದೆ. ಮಾರ್ಪಾಡಿಗೆ ಮೊದಲೇ 12 ವೋಲ್ಟಿನಲ್ಲಿ ಗಾಲಿಯನ್ನು ಒಂದು ಕ್ಷಣ ಬೆರಳಿನಿಂದ ತಡೆದು ಎಷ್ಟು ಆಂಪಿಯರ್ ಎಂದು ನೋಡಿಕೊಂಡು, ಅದನ್ನು ತಾಳುವ ಡಿಕೋಡರನ್ನೇ ಕೊಳ್ಳಬೇಕು. ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಈ ಕೆಲಸವನ್ನು ಬಹಳ ಮಂದಿ ಸುಟ್ಟ ವಾಸನೆ ಬಂದ ಮೇಲೆ ಮಾಡುತ್ತಾರೆ. ಬೆಸುಗೆಯ ಕಾವಿನ ಬಳಿ ದೊಡ್ಡವರೊಬ್ಬರು ಇರಲಿ. ಮನೆಯ ಕರೆಂಟಿಗೆ ಸಿಕ್ಕಿಸುವ ಟ್ರಾನ್ಸ್‌ಫಾರ್ಮರನ್ನು ಮಕ್ಕಳು ಬಿಚ್ಚುವುದು ಬೇಡವೇ ಬೇಡ.

ಸ್ಪೀಕರಿನದು ಬೇರೆಯೇ ಕಥೆ. ಬರಿಯ ಸ್ಪೀಕರ್ ಕೀರಲು ದನಿ ಮಾಡುತ್ತದೆ. ಅದರ ತೆಳುಪರೆ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ; ಎರಡೂ ಅಂಚಿನಲ್ಲಿ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಬೆನ್ನಿಗೆ ಗಾಳಿಯಾಡದ ಪುಟ್ಟ ಪೆಟ್ಟಿಗೆ ಅಂಟಿಸಿದರೆ ಅದೇ ಸ್ಪೀಕರಿಗೆ ಗಂಟಲು ಬರುತ್ತದೆ. ಜಾಗವೆಲ್ಲಿ ಎಂದರೆ, ಎಂಜಿನ್ನಿನ ಹಿಂದೆ ಕಲ್ಲಿದ್ದಲು ಹೊರುವ ಟೆಂಡರಿನಲ್ಲಿ.

ದನಿ ಬಂದರೆ ಸಾಲದು, ಅದು ಗಾಲಿಯ ಮಾತು ಕೇಳಬೇಕು. ಭಾರತದ ಮೀಟರ್ ಗೇಜಿನಲ್ಲಿ ಓಡುತ್ತಿದ್ದ ವೈಪಿ ಎಂಜಿನ್ನಿಗೆ ಎರಡು ಸಿಲಿಂಡರು. ಪಿಸ್ಟನ್ನನ್ನು ಉಗಿಯು ಎರಡು ಕಡೆಯಿಂದಲೂ ತಳ್ಳುವುದರಿಂದ ಗಾಲಿಯ ಒಂದು ಸುತ್ತಿಗೆ ನಾಲ್ಕು ‘ಚುಕ್’. ಚಾಲಕ ಗಾಲಿಯ ಅಡ್ಡಳತೆ 1,372 ಮಿಲಿಮೀಟರ್, ಸುತ್ತಳತೆ ಸುಮಾರು 4.3 ಮೀಟರ್. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ 8.3 ಮೀಟರ್, ಹೆಚ್ಚುಕಡಿಮೆ ಎರಡು ಸುತ್ತು, ಎಂಟು ಚುಕ್. ಹತ್ತು ಕಿಲೋಮೀಟರಿಗೆ ಎಷ್ಟೆಂದು ಮಕ್ಕಳೇ ಲೆಕ್ಕ ಹಾಕಲಿ. ಹಲವು ಡಿಕೋಡರುಗಳು ಮೋಟಾರಿಗೆ ಕೊಡುವ ವಿದ್ಯುತ್ತನ್ನು ಕ್ಷಣಮಾತ್ರ ತಡೆದು, ತಿರುಗುತ್ತಿರುವ ಮೋಟಾರು ತಾನೇ ಉತ್ಪಾದಿಸುವ ವೋಲ್ಟನ್ನು ಅಳೆದು ವೇಗ ತಿಳಿದುಕೊಳ್ಳುತ್ತವೆ. ಸುತ್ತಿಗೆ ನಾಲ್ಕು ಬರುವಂತೆ ಹೊಂದಿಸುವುದು ಮಾತ್ರ ಮನುಷ್ಯನ ಕಿವಿಯ ಕೆಲಸ.

ಆದರೆ ಯಾರ ದನಿ? ಡಿಕೋಡರಿನೊಳಗೆ ಇರುವುದು ಎಲ್ಲೋ ಓಡಿದ ನಿಜವಾದ ಎಂಜಿನ್ನಿನ ಧ್ವನಿಮುದ್ರಣ. ಬಹುಪಾಲು ಯೂರೋಪಿನದು, ಅಮೆರಿಕದದು. ವೈಪಿ ಎಂಜಿನ್ನಿನ ಮಾದರಿಗೆ ಅದನ್ನು ಹಾಕುವುದೆಂದರೆ ಡಬ್ಬಿಂಗ್ ಸಿನಿಮಾ ನೋಡಿದಂತೆಯೇ: ತುಟಿ ಒಂದು, ಮಾತು ಇನ್ನೊಂದು. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಉಗಿ ಎಂಜಿನ್ನುಗಳ ಗಾಲಿ, ಸಿಲಿಂಡರುಗಳನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸಬಹುದು, ಉಸಿರನ್ನು ಕೇಳಿಸಲಾಗದು. ನೀಲಗಿರಿ ಬೆಟ್ಟದ ರೈಲಿನ ಉಗಿ ಎಂಜಿನ್ನಿಗೆ ನಾಲ್ಕು ಸಿಲಿಂಡರು, ಹಲ್ಲುಹಳಿ; ಅದರ ಏದುಸಿರೇ ಬೇರೆ.

ಎರಡು ಸಿಲಿಂಡರಿನ ಯಾವುದಾದರೂ ಎಂಜಿನ್ನಿನ ಚುಕ್ ತೆಗೆದುಕೊಂಡು ಸಿಳ್ಳೆಯನ್ನಷ್ಟೇ ಬದಲಿಸುವ ದಾರಿಯೊಂದಿದೆ. ಕೆಲವು ಡಿಕೋಡರುಗಳಿಗೆ ಕಂಪ್ಯೂಟರಿನಿಂದ ಬೇಕಾದ ದನಿ ತುಂಬಬಹುದು. ಮದುವೆಯದೋ ಹಬ್ಬದ್ದೋ ಧ್ವನಿಮುದ್ರಣದ ಹಿನ್ನೆಲೆಯಲ್ಲಿ ಆ ಕಾಲದ ಗಾಡಿಯ ಕೂಗು ಸೇರಿಕೊಂಡಿರುವ ಕ್ಯಾಸೆಟ್ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ಎಂಜಿನ್ನಿಗಿಂತ ಮೊದಲು ಅದನ್ನು ಹುಡುಕಬೇಕು. ಟೇಪಿನ ಮೇಲಿನ ಲೇಪ ಉದುರುವ ಮುನ್ನ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ, ಮೂರು ಸೆಕೆಂಡಿನ ಸಿಳ್ಳೆ ಸಿಕ್ಕರೂ ಸಾಕು.